ಮೂವತ್ತೊಂದನೇ ಟ್ಯೂಬು

ಮಂಜುಗಡ್ಡೆಯ ಡಬ್ಬಿಯಲ್ಲಿ ನೆಟ್ಟ ಮೂವತ್ತೊಂದನೇ ಟ್ಯೂಬಿನೊಳಗೆ ಅಪ್ಪ ನಿಧಾನವಾಗಿ ಕರಗುತ್ತಿದ್ದ. ರಕ್ತದಿಂದ ಬೇರ್ಪಡಿಸಿದ ನಾಲ್ಕು ಹನಿ ತಿಳಿ, ಜೇನಿನ ಬಣ್ಣದ್ದು. ಟೊಕುಜಿ ಎಂಬ ಮನುಷ್ಯನದು ಈ ಲೋಕದಲ್ಲಿ ಉಳಿದಿದ್ದು ಇಷ್ಟೇ; ಮಿಕ್ಕಿದ್ದು ಜನವರಿಯಲ್ಲೇ ಬೂದಿಯಾಗಿ ಊರ ದೇಗುಲದ ಹಿಂದಿನ ಕಲ್ಲಿನಡಿ ಸೇರಿತ್ತು.

"ಚಿಗುಸಾ, ಇದೊಂದನ್ನ ಬೇರೆ ಯಾರಾದ್ರೂ ಮಾಡ್ಲಿ ಬಿಡಮ್ಮ," ಎಂದರು ಹಿಂದೆ ಬಂದು ನಿಂತ ಪ್ರೊಫೆಸರ್ ಉಗೈ. "ಇಲ್ಲಾಂದ್ರೆ ಬಿಟ್ಟೇ ಬಿಡೋಣ. ಉಳಿದ ಅರವತ್ತು ಜನರದ್ದು ಸಾಕು."

"ಬೇಡಿ ಮೇಷ್ಟ್ರೇ. ಸೂಜಿ ಚುಚ್ಚಿದ್ದು ನಾನು, ಚೀಟಿ ಅಂಟಿಸಿದ್ದೂ ನಾನು. ನಾನೇ ನೋಡ್ತೀನಿ."

ಎರಡು ವರ್ಷದ ಹಿಂದೆ, ಒಳ್ಳೆ ಕೊಲೆಸ್ಟ್ರಾಲ್ ವಿಪರೀತ ಇರುವವರು ಬೇಕೆಂದು ಲ್ಯಾಬಿನವರು ಹಿಮದ ಸೀಮೆಯಾದ ಅಕಿತಾದ ಹಳ್ಳಿಹಳ್ಳಿ ಸುತ್ತಿದಾಗ ಅಂಗಿಯ ತೋಳು ಮಡಚಿ ಸಾಲಿನ ಮೊದಲಲ್ಲಿ ನಿಂತವನು ಅಪ್ಪ. ಅರವತ್ತಿದ್ದರೆ ಡಾಕ್ಟರು ಬೆನ್ನು ತಟ್ಟುವ ಕಡೆ ಅವನದು ನೂರೈವತ್ತೆರಡು. ಆ ರಿಪೋರ್ಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಊರವರೆಲ್ಲ ಒಟ್ಟಿಗೆ ಮೀಯುವ ಸಾರ್ವಜನಿಕ ಸ್ನಾನದ ಮನೆಯಲ್ಲಿ ಬಟ್ಟೆ ಬಿಚ್ಚುವ ಕೋಣೆಯ ಕನ್ನಡಿಯ ಪಕ್ಕ ತೂಗುಹಾಕಿದ್ದ. ಮೈಮೇಲೆ ತೋರಿಸಲು ಏನೂ ಉಳಿಯದ ಜಾಗದಲ್ಲಿ ಅದೊಂದು ಪದಕ.

"ನನ್ನ ಸಾವಿಗೆ ನಿಮ್ಮಲ್ಲಿ ಒಬ್ರೂ ಬರೋಕಾಗಲ್ಲ ಕಣ್ರೋ," ಎಂದು ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನವರೆಗೂ ಮುಳುಗಿ ಸಾರುತ್ತಿದ್ದ. "ಅಷ್ಟೊತ್ತಿಗೆ ನೀವೇ ಇರಲ್ಲ!"

"ನಿನ್ನ ಎದೆ ನೂರು ವರ್ಷ ಬಾಳುತ್ತೆ ಸರಿ, ಟೊಕುಜೀ. ಆ ಮಂಡಿ ಏನ್ ಮಾಡ್ತೀಯ, ಬಾಡಿಗೆಗೆ ತರ್ತೀಯಾ?" ಎಂದು ತೊಟ್ಟಿಯಲ್ಲಿದ್ದ ಗೆಳೆಯರು ಕೆಣಕುತ್ತಿದ್ದರು.

ಮನೆಗೆ ಬಂದು ಹೊಗೆಯಲ್ಲಿ ಒಣಗಿಸಿದ ಮೂಲಂಗಿ ಉಪ್ಪಿನಕಾಯಿಗೆ ಕೈಹಾಕುತ್ತಿದ್ದ. ಹೆಂಡತಿ ಫುಸಾ ಕಣ್ಣು ಬಿಟ್ಟರೆ, "ತಿನ್ನೋ ಕೆಲಸ ನಂದು, ಗುಡಿಸೋ ಕೆಲಸ ಆ ಒಳ್ಳೆ ಕೊಲೆಸ್ಟ್ರಾಲಿಂದು" ಎನ್ನುತ್ತಿದ್ದ.

ಡಿಸೆಂಬರಿನ ಕೊನೆಯಲ್ಲಿ ಫೋನು ಮಾಡಿದ್ದ. ಚಿಗುಸಾ ಲ್ಯಾಬಿನಲ್ಲಿ ಜೀವಕೋಶಗಳಿಗೆ ಊಟ ಹಾಕುತ್ತಿದ್ದಳು. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು.

"ಪುಟ್ಟಾ, ಮಾಡಿನ ಮೇಲಿನ ಹಿಮ ಎಳೀವಾಗ ಎದೆ ಒಂಚೂರು ಹಿಡಿದಂಗಾಗುತ್ತೆ."

"ನಿನ್ನ ನಂಬರಿಗೆ ಎದೆನೋವಾ ಅಪ್ಪಾ? ಗ್ಯಾಸು ಇರ್ಬೇಕು. ಆ ಮೂಲಂಗಿ ಕಮ್ಮಿ ಮಾಡು."

ಅವನು ನಕ್ಕಿದ್ದ. ನಾಲ್ಕನೇ ದಿನ ಮಾಡಿನ ಮೇಲೆ, ಸಲಿಕೆ ಹಿಡಿದ ಹಾಗೇ ಕುಸಿದಿದ್ದ.

ಈಗ ಅವಳಿಗೆ ಬೇಕಿದ್ದದ್ದು ಒಂದೇ: ಆ ನಂಬರು ನಿಜ ಹೇಳಿತ್ತು, ತಾನು ನಂಬಿದ್ದರಲ್ಲಿ ತಪ್ಪಿರಲಿಲ್ಲ ಎಂದು ಈ ನಾಲ್ಕು ಹನಿ ಸಾಕ್ಷಿ ಹೇಳಬೇಕು. ಒಳ್ಳೆ ಕೊಲೆಸ್ಟ್ರಾಲ್ ಹೆಚ್ಚಿದ್ದರೆ, ಅದರ ಕಣ ದೊಡ್ಡದಿದ್ದರೆ ಸಾಕೇ ಎಂಬುದು ಮೇಷ್ಟ್ರ ಅನುಮಾನ. ಹೊಸಬರಿಗೆಲ್ಲ ಅವರು ಹೇಳುತ್ತಿದ್ದರು: "ಹಿಮ ಹೊರೋ ದೊಡ್ಡ ಲಾರಿಗಳು ಹೆದ್ದಾರೀಲಿ ನಿಂತ್ರೆ ನೋಡೋಕೆ ಚೆಂದ. ಆದ್ರೆ ನಿಮ್ಮನೆ ಬಾಗಿಲ ಹಿಮ ಎತ್ತೋಕೆ ಸಂದಿಗೆ ನುಗ್ಗೋ ಕೈಗಾಡಿನೇ ಬೇಕು. ಲಾರಿ ಎಷ್ಟಿದೆ ಅಂತ ಎಣಿಸಬೇಡಿ. ಬಾಗಿಲು ತೆರೀತಾ ನೋಡಿ."

ಕೊಲೆಸ್ಟ್ರಾಲ್ ತಿಂದು ಉಬ್ಬಿದ್ದ ಕೋಶಗಳ ಮೇಲೆ ಅವಳು ಅಪ್ಪನನ್ನು ಸುರಿದಳು. ಒಳಗಿನ ಕೊಲೆಸ್ಟ್ರಾಲಿಗೆ ಹೊಳೆಯುವ ಬಣ್ಣ ಕಟ್ಟಿತ್ತು. ಅಪ್ಪನ ತಿಳಿ ಅದನ್ನು ಹೊರಗೆಳೆದಷ್ಟೂ ಮೇಲಿನ ನೀರು ಹೊಳೆಯಬೇಕು. ನಾಲ್ಕು ಗಂಟೆ ಕಾದಳು. ಊಟದ ಡಬ್ಬಿ ತೆರೆದು, ಮತ್ತೆ ಮುಚ್ಚಿದಳು.

ಯಂತ್ರ ಕಾಗದ ಉಗುಳಿತು. ಊರಿನ ಸಾಧಾರಣ ಜನರ ರಕ್ತ ನೂರಕ್ಕೆ ಹತ್ತು ಪಾಲು ಹೊರಗೆಳೆದಿತ್ತು. ಮೂವತ್ತೊಂದನೇ ಟ್ಯೂಬು, ಬರೀ ಆರು. ಕಣದ ಗಾತ್ರದ ಪಟ್ಟಿಯಲ್ಲಿ ಮಾತ್ರ ಅದೇ ಎಲ್ಲರಿಗಿಂತ ಮೇಲೆ.

"ಒಬ್ಬರ ಟ್ಯೂಬಿನಿಂದ ಏನೂ ಹೇಳೋಕಾಗಲ್ಲಮ್ಮ," ಎಂದರು ಮೇಷ್ಟ್ರು.

"ಹೌದು ಮೇಷ್ಟ್ರೇ," ಎಂದಳು. ಹೊಸಬರಿಗೆ ಆ ಮಾತು ಹೇಳಿಕೊಡುತ್ತಿದ್ದವಳು ಅವಳೇ.

ಫುಸಾಳ ಫೋನು ಬಂತು.

"ಏನಂದ್ರಮ್ಮ ನಿಮ್ಮಪ್ಪ?"

ಅಮ್ಮನೇ ಮುಂದುವರಿಸಿದಳು. "ಸ್ನಾನದ ಮನೆಯವ್ರು ಆ ರಿಪೋರ್ಟಿನ ಕಾಗದ ವಾಪಸ್ ಕೊಟ್ಟಿದಾರೆ. ಇವರ ಫೋಟೋ ಪಕ್ಕ ಇಡೋಣಾಂತ. ಸುಳ್ಳು ಕಾಗದವಾಗಿದ್ರೆ ಬೇಡ. ನೀನು ಹೇಳಿದ್ಮೇಲೇ ಇಡ್ತೀನಿ. ಅವರಿಗೂ ನಿನ್ನ ಮಾತೇ ಅಲ್ವಾ? ಆವತ್ತು ಆಸ್ಪತ್ರೆಗೆ ಅಂತ ಕೋಟು ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ರು. ನಿನಗೊಂದು ಫೋನ್ ಮಾಡಿದ್ದೇ ತಡ, ಕೋಟು ತೆಗೆದು ಮೊಳೆಗೆ ಹಾಕಿದ್ರು. ಎಷ್ಟು ಖುಷಿ ಅಂತೀಯ!"

ಚಿಗುಸಾ ಯಂತ್ರ ಕೊಟ್ಟ ಕಾಗದವನ್ನು ಮಡಚಿದಳು. ಇನ್ನೊಮ್ಮೆ ಮಡಚಿದಳು.

"ಕೇಳಿಸ್ತಾ ಇದ್ಯಾ?"

"ಹ್ಞೂಂ. ಅರವತ್ತೊಂದು ಜನರಲ್ಲಿ ಎಲ್ಲರಿಗಿಂತ ದೊಡ್ಡ ಕಣ ಅಪ್ಪಂದೇ ಅಮ್ಮ."

"ನೋಡ್ದಾ! ಅವರು ಹೇಳ್ತಾನೇ ಇದ್ರು." ಅಮ್ಮನ ದನಿ ಫೋನಿನಿಂದ ಫೋಟೋದ ಕಡೆ ಸರಿಯಿತು. "ಕೇಳಿದ್ರಾ? ಎಲ್ಲರಿಗಿಂತ ನಿಮ್ಮದೇ ಅಂತೆ."

ಪ್ಲಾಸ್ಟಿಕ್ಕು ಮರಕ್ಕೆ ತಾಗಿದ ಸದ್ದು. ಆಮೇಲೆ ಪೂಜೆಯ ಗೂಡಿನ ಪುಟ್ಟ ಗಂಟೆ, ಒಂದೇ ಏಟು. ನಾದ ಸಣ್ಣಗಾಗುತ್ತಾ ಹೋಯಿತು. ಅದು ಪೂರ್ತಿ ಅಡಗುವವರೆಗೂ ಚಿಗುಸಾ ಫೋನು ಇಡಲಿಲ್ಲ. ಇನ್ನೊಂದು ಕೈ, ಮಂಜುಗಡ್ಡೆ ಕರಗಿ ವಾಲಿದ್ದ ಖಾಲಿ ಟ್ಯೂಬನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತಿತ್ತು.