ತಂಡ ಹೊಡೆದ ಗೋಲು

"ತಂಡಕ್ಕೆ ಕಾಲಿದ್ಯೇನೇ, ರಂಡೆ?"

ಫ್ರೀಡ ತಲೆಯೆತ್ತಲಿಲ್ಲ. ತೊಟ್ಟಿಗೆ ಬಾಗಿ ಕೆಂಪು ಅಂಗಿಯನ್ನು ಹಲಗೆಗೆ ತಿಕ್ಕುತ್ತಲೇ ಇದ್ದಳು. ಗಣಿಯ ಮೇಸ್ತ್ರಿ ಹ್ಯೋಲ್ಶರ್ ಹೊಸದಾಗಿ ಅಧಿಕಾರಕ್ಕೇರಿದ ಪಕ್ಷದ ಕಂದು ಸಮವಸ್ತ್ರ ತೊಟ್ಟು ಎರಡು ತಿಂಗಳಾಗಿತ್ತಷ್ಟೆ. ಹಳೆಯ ಪತ್ರಿಕೆಗಳ ತುಣುಕುಗಳನ್ನು ಅವಳ ಮೂಗಿಗೆ ಹಿಡಿದ.

"ಏಳು ವರ್ಷದ ಪೇಪರು. ಎಲ್ಲಿ ನೋಡಿದ್ರೂ 'ತಂಡ ಗೋಲು ಹೊಡೆಯಿತು'. ಹೊಡೆದ ಬೋಳೀಮಗ ಯಾರು?"

"ನಮ್ಮಲ್ಲಿ ಒಬ್ಬನ ಹೆಸರು ಮೆರೆಸೋ ಪದ್ಧತಿ ಇಲ್ಲ ಮೇಸ್ತ್ರಿಗಳೇ. ಅದು ನಿಮ್ಮ ಸಾಹುಕಾರ್ ಕ್ಲಬ್ಬಿನೋರ ಚಾಳಿ."

"ಆಟಗಾರರ ಪಟ್ಟಿ ಕಳಿಸು ಅಂತ ಸರ್ಕಾರಿ ಕಚೇರಿಯಿಂದ ಮೂರು ಕಾಗದ ಬಂತು. ಉತ್ತರ ಎಲ್ಲೇ?"

"ಒಗೆಯೋಳ ಕೈ ಯಾವಾಗ್ಲೂ ಒದ್ದೆ. ಬರೆಯೋದ್ಯಾವಾಗ?"

ಅವನು ಬುಟ್ಟಿಯನ್ನು ಒದ್ದ. ಒಗೆದ ಅಂಗಿಗಳ ಮೇಲೆ ಬೂಟು ಹೊಸಕಿದ. "ಸಂಜೆ ಐದರೊಳಗೆ ಪಟ್ಟಿ ಅಂಚೆಡಬ್ಬಿಗೆ ಬೀಳ್ಬೇಕು. ಇಲ್ದಿದ್ರೆ ಗಣಿಯೋರು ಕೊಟ್ಟ ಮನೆ ಬಿಡು. ಹೋಗಿ ಗಂಡನ ಗೋರೀಲಿ ಮಲಗು."

ಆ ಅಂಗಿಗಳನ್ನು ಅವಳು ಮತ್ತೆ ನೀರಿಗೆ ಹಾಕಿದಳು. ಗಂಡ ಗಣಿಯಲ್ಲಿ ಸತ್ತ ಮೇಲೆ ಕಾರ್ಮಿಕರ ಫುಟ್ಬಾಲ್ ಕ್ಲಬ್ಬಿನ, ಆಟಗಾರರ ಹೆಸರಿದ್ದ ಪುಸ್ತಕ ಅವಳ ಕೈಗೆ ಬಂದಿತ್ತು. ಪಂದ್ಯದ ವರದಿ ಬರೆಯುವವಳೂ ಅವಳೇ. ಭಾನುವಾರಗಳಲ್ಲಿ ಗಣಿಯ ಬೂದಿ ಹೊತ್ತು ಕಾರ್ಮಿಕರೇ ಹಾಸಿದ ಮೈದಾನವದು. ಸಾಹುಕಾರರ ತಂಡ ಒಮ್ಮೆಯೂ ಆ ಕಡೆ ಹಾಯಲಿಲ್ಲ, ಕೂಲಿಗಳ ಜತೆ ಆಡಿದರೆ ಮೈಲಿಗೆಯೆಂಬಂತೆ. ಸಾವಿರದ ಒಂಬೈನೂರ ಮೂವತ್ತಮೂರರ ಮಾರ್ಚಿನಲ್ಲಿ ಹೊಸ ಸರ್ಕಾರ ಕ್ಲಬ್ಬಿಗೂ ಮೈದಾನಕ್ಕೂ ಬೀಗ ಜಡಿಯಿತು. ಗೋಲು ಕಾಯುವ ಎರ್ವಿನ್‌ನನ್ನು ಕಂದು ಸಮವಸ್ತ್ರದವರು ಹಿಡಿದೊಯ್ದು ಹದಿನಾರು ದಿನವಾಗಿತ್ತು. ಅವನ ಅಂಗಿಯೂ ಈ ಬುಟ್ಟಿಯಲ್ಲೇ ಇತ್ತು.

ಹಿತ್ತಲ ಬಾಗಿಲಿಂದ ತಂಡದ ಆಟಗಾರ ಬ್ರೂನೊ ನುಸುಳಿ ಬಂದ. ಗಣಿಯಿಂದ ಮೇಲೆ ಬಂದವನು ಮುಖವನ್ನೂ ತೊಳೆದಿರಲಿಲ್ಲ.

"ಫ್ರೀಡಕ್ಕ, ಆ ಪುಸ್ತಕದಲ್ಲಿ ನನ್ನ ಹೆಸರಿದ್ಯಾ?"

"ಮೂರು ಗೋಲು ಹೊಡೆದಾಗ ಪೇಪರಲ್ಲಿ ಹೆಸರು ಹಾಕ್ಲಿಲ್ಲ ಅಂತ ತಿಂಗಳಿಡೀ ಮೂತಿ ಊದಿಸ್ಕೊಂಡಿದ್ದೆಯಲ್ಲೋ!"

"ಅವತ್ತಿನ ಮಾತು ಬಿಡಕ್ಕ. ಹೆಂಡ್ತಿ ಬಸುರಿ. ಪುಸ್ತಕ ಎಲ್ಲಿ?"

ಫ್ರೀಡ ಹಂಡೆಯ ಕಡೆ ಗದ್ದ ಎತ್ತಿದಳು. "ಈ ನೀರು ಯಾತರಿಂದ ಕಾಯ್ತು ಅಂದ್ಕೊಂಡೆ?"

ಬ್ರೂನೊ ಒಲೆಯೊಳಗಿನ ಬೂದಿಯನ್ನೇ ನೋಡುತ್ತ ನಿಂತ. "ಹಂಗಾದ್ರೆ ನಿನ್ನ ಗತಿ?"

"ಈ ತುದಿ ಹಿಡಿ. ಹಿಂಡು."

ಹನ್ನೊಂದು ಅಂಗಿಗಳನ್ನೂ ಅವಳು ಬೀದಿಗೆ ಕಾಣುವ ಹಗ್ಗಕ್ಕೇ ಹಾಕಿದಳು. ಕೈ ಒರೆಸಿಕೊಂಡು, ಕಚೇರಿಯ ಕಾಗದಗಳಿಗೆ ಉತ್ತರವಾಗಿ, ಪಂದ್ಯದ ವರದಿ ಬರೆಯುತ್ತಿದ್ದ ಅದೇ ದುಂಡಕ್ಷರದಲ್ಲಿ ಬರೆದಳು: 'ಏಳು ವರ್ಷಗಳ ಗೋಲುಗಳನ್ನೆಲ್ಲ ತಂಡ ಹೊಡೆಯಿತು. ವರದಿ ಬರೆದವಳು, ಅಂಗಿ ಒಗೆದವಳು, ಪುಸ್ತಕ ಸುಟ್ಟವಳು: ಫ್ರೀಡ ಗ್ರಾಬೊವ್ಸ್ಕಿ.'

ಅಂಚೆಡಬ್ಬಿಯ ಬಳಿ ಹ್ಯೋಲ್ಶರ್ ಕಾದಿದ್ದ. ಲಕೋಟೆ ಕಂಡು ಹಲ್ಲುಬಿಟ್ಟ.

"ಬಂತಾ ಬುದ್ಧಿ?"

ಡಬ್ಬಿಯ ಮುಚ್ಚಳವನ್ನು ತಾನೇ ಎತ್ತಿ ಹಿಡಿದ. ಫ್ರೀಡ ಕಾಗದವನ್ನು ಒಳಗೆ ಬಿಟ್ಟಳು. ಆಚೆ ಹಗ್ಗದ ಮೇಲೆ ಹನ್ನೊಂದು ಕೆಂಪು ಅಂಗಿಗಳು ತೋಳು ತುಂಬ ಗಾಳಿ ತುಂಬಿಕೊಂಡು ನಿಂತಿದ್ದವು.