ಯಾವ ಕಡೆಯ ಕೆನ್ನೆ

ಸೊರಬದ ಆಸ್ಪತ್ರೆಯ ಆ ಕೋಣೆಗೆ ಬಂದು ಕಾಲು ಗಂಟೆಯಾದರೂ ದುರ್ಗಮ್ಮ ಮೇಜಿನ ಕಡೆ ಕಣ್ಣೆತ್ತಿರಲಿಲ್ಲ. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೊಂದು ತಲೆಬುರುಡೆ. ಕ್ಯಾಸನೂರಿನ ಕಾಡಂಚಿನಲ್ಲಿ ಒಣ ಎಲೆ ಗುಡಿಸಲು ಹೋದ ಹೆಂಗಸರಿಗೆ ಸಿಕ್ಕಿದ್ದು. ಆರು ವರ್ಷದ ಹಿಂದೆ, ಹೋರಿ ಹಬ್ಬ ನೋಡಿ ಬರುತ್ತೇನೆಂದು ಉಡುತಡಿಯಿಂದ ಈ ಕಡೆಗೆ ಹೊರಟ ಅವಳ ಗಂಡ ಜಟ್ಟಪ್ಪ ಮನೆಗೆ ಮರಳಿರಲಿಲ್ಲ. ಪೊಲೀಸರು ಹಳೆಯ ದೂರು ಹುಡುಕಿ ತೆಗೆದು, ಬೆಳಿಗ್ಗೆ ಫೋನು ಮಾಡಿ ಕರೆಸಿದ್ದರು.

ಡಾಕ್ಟರ್ ಶ್ರೀರಂಜಿನಿ ಬುರುಡೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಹೇಳುತ್ತ ಹೋದರು. ಹುಬ್ಬಿನ ಮೂಳೆ ದಪ್ಪಗಿದೆ, ಕಿವಿಯ ಹಿಂದಿನ ಉಬ್ಬು ದೊಡ್ಡದಿದೆ, ಆದ್ದರಿಂದ ಗಂಡಸು. ನೆತ್ತಿಯ ಮೂಳೆಗಳ ನಡುವಿನ ಹೊಲಿಗೆ ಕೂಡಿ ಮಾಸಿದೆ, ನಲವತ್ತು ದಾಟಿರಬೇಕು. ಒಂದೊಂದು ಮಾತಿಗೂ ದುರ್ಗಮ್ಮ, ಊರಲ್ಲಿ ಬೇರೆ ಗಂಡಸರೇ ಇಲ್ಲವೇ, ನಲವತ್ತು ದಾಟಿದವರಿಗೆ ಬರವೇ ಎಂದು ಒಳಗೊಳಗೇ ಜಗಳಕ್ಕೆ ನಿಂತಿದ್ದಳು.

“ಅವ್ರ ಮುಖಕ್ಕೆ ಯಾವಾಗ್ಲಾದ್ರೂ ಪೆಟ್ಟಾಗಿತ್ತಾ?”

“ಹೌದ್ರೀ. ಹೋರಿ ತಿವಿದು ಕೆನ್ನೆ ಮೂಳೆ ಕುಸಿದಿತ್ತು. ಆಸ್ಪತ್ರೆಗೆ ಹೋಗಾಣ ಬರ್ರಿ ಅಂದ್ರೆ ಬರ್ಲೇ ಇಲ್ಲ.”

ಹಬ್ಬದಲ್ಲಿ ಓಡುವ ಹೋರಿಯ ಕೊರಳಿನ ಕೊಬ್ಬರಿ ಹಾರ ಕೀಳಲು ಕೈ ಹಾಕುವ ಶೂರ, ಸೂಜಿ ಕಂಡರೆ ಮಾತ್ರ ಪುಕ್ಕಲು. ಹಾಗಾಗಿ ಎಕ್ಸ್‌ರೇಯೂ ಇಲ್ಲ, ಚೀಟಿಯೂ ಇಲ್ಲ. ಇದ್ದದ್ದು ಹೆಂಡತಿಯ ನೆನಪೊಂದೇ.

“ಯಾವ ಕಡೆ ಕೆನ್ನೆ?”

“ಬಲಗಡಿದು.” ಅದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ.

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಇದ್ರಲ್ಲೂ ಕೆನ್ನೆಮೂಳೆ ಮುರಿದು ಕೂಡಿದೆ. ಆದ್ರೆ ಎಡಗಡೆದು. ಬಲಗಡೆಗೆ ಏನೂ ಆಗಿಲ್ಲ. ಹಾಗಿದ್ರೆ ಇವ್ರು ನಿಮ್ಮವ್ರಲ್ಲ ದುರ್ಗಮ್ಮ. ಬೇರೆ ಮನೆಯವ್ರನ್ನ ಕರೆಸ್ತೀವಿ.”

ದುರ್ಗಮ್ಮನಿಗೆ ಹೋದ ಜೀವ ಬಂದಂತಾಯಿತು. ಕೈಮುಗಿದು ಹೊರಗೆ ಬಂದರೆ ಬೆಂಚಿನ ಮೇಲೆ ಮಗಳು ಮೇಘನಾ ಉಗುರು ಕಚ್ಚುತ್ತ ಕೂತಿದ್ದಳು. “ನಿಮ್ಮಪ್ಪ ಅಲ್ವಂತೆ ಕಣೇ” ಎಂದದ್ದೇ ತಡ, ಹುಡುಗಿ ಅಳುತ್ತ ನಗುತ್ತ ಎದುರು ನಿಂತು ಅವ್ವನ ಕಣ್ಣೀರು ಒರೆಸಿದಳು. ಮರುಕ್ಷಣವೇ ಚಿಕ್ಕಪ್ಪನಿಗೆ ಫೋನು ಹಚ್ಚಿದಳು.

“ಅಪ್ಪ ಅಲ್ಲ ಚಿಕ್ಕಪ್ಪ! ಅಪ್ಪ ಎಲ್ಲೋ ಇದಾರೆ!”

ನಗಲು ಹೋದ ದುರ್ಗಮ್ಮ ಹಾಗೇ ನಿಂತುಬಿಟ್ಟಳು. ಮಗಳು ಒರೆಸಿದ್ದು ಬಲಗೈಯಲ್ಲಿ, ಒರೆಸಿದ್ದು ತನ್ನ ಎಡಗೆನ್ನೆಯನ್ನು. ಹೋರಿ ತಿವಿದ ಆ ತಿಂಗಳು ದಿನಾ ಗಂಡನ ಎದುರು ಕೂತು ಅರಿಶಿನ ಹಚ್ಚಿದವಳು ತಾನು, ಹಚ್ಚಿದ್ದು ಇದೇ ಬಲಗೈಯಲ್ಲಿ. ತನಗೆ ಬಲಕ್ಕೆ ಕಂಡದ್ದು ಅವನಿಗೆ ಎಡವಾಗಿತ್ತು.

ಸುಮ್ಮನಿದ್ದರೆ ಯಾರು ಕೇಳುತ್ತಿದ್ದರು? ಮಗಳು ಹೀಗೆ ನಕ್ಕು ವರ್ಷಗಳೇ ಆಗಿದ್ದವು. ಹಣೆಯ ಕುಂಕುಮವೂ ಉಳಿಯುತ್ತಿತ್ತು. ಆದರೆ ಅವನು ತನ್ನವರ ಕೈಯ ಮಣ್ಣು ಕಾಣದೆ, ಯಾರದೋ ಹೆಸರು ಹೊತ್ತು ಆ ಮೇಜಿನ ಮೇಲೆ ಒಬ್ಬನೇ ಉಳಿಯುತ್ತಿದ್ದ. ಅವಳು ಕೋಣೆಗೆ ವಾಪಸು ಹೋದಳು.

“ತಪ್ಪು ಹೇಳಿದೆ ಮೇಡಮ್ಮಾರೆ. ನಾ ಎದುರಿಗೆ ಕೂತು ನೋಡಿದ್ದು. ನಂಗೆ ಬಲ ಅಂದ್ರೆ ಅವ್ರಿಗೆ ಎಡ.”

ಡಾಕ್ಟರ್ ಪೆನ್ನು ಎತ್ತಿಕೊಂಡು ಅದನ್ನು ಬರೆದುಕೊಂಡರು. ಡಿಎನ್‌ಎ ಪರೀಕ್ಷೆಯಾಗುವವರೆಗೆ ಯಾವುದೂ ಖಚಿತವಲ್ಲ ಎಂದು ಮೆಲ್ಲಗೆ ಹೇಳಿ, ಬುರುಡೆಯನ್ನು ಅವಳ ಕಡೆ ತಿರುಗಿಸಿದರು.

ದುರ್ಗಮ್ಮ ಮೊದಲ ಸಲ ಅದನ್ನು ದಿಟ್ಟಿಸಿ ನೋಡಿ, ಬಲಗೈ ಚಾಚಿದಳು. ಬೆರಳುಗಳು ಆ ತಗ್ಗನ್ನು ಹುಡುಕಬೇಕಾಗಲಿಲ್ಲ. ಹೊರಗೆ ಮೇಘನಾ ಇನ್ನೂ ಫೋನಿನಲ್ಲಿ ನಗುತ್ತಿದ್ದಳು.