ಮೇಲಿನದೇ ಸರಿ

ಬುದ್ಧಿವಂತ ತಮ್ಮನನ್ನು ಪಡೆದ ಅಕ್ಕನ ಪಾಡು ಯಾರಿಗೂ ಬೇಡ. ದಡ್ಡ ತಮ್ಮನಾದರೆ ತಪ್ಪು ಮಾಡಿ ಪೆಚ್ಚುಮೋರೆ ಹಾಕಿಕೊಂಡು ನಿಲ್ಲುತ್ತಾನೆ. ಬುದ್ಧಿವಂತ ಹಾಗಲ್ಲ. ತಪ್ಪನ್ನೂ ಚೊಕ್ಕವಾಗಿ ಮಾಡುತ್ತಾನೆ, ಅದು ದಿನಾ ತಪ್ಪದೆ ನಡೆಯುವಂತೆ ಏರ್ಪಾಡನ್ನೂ ಮಾಡುತ್ತಾನೆ.

ಇವರಿಬ್ಬರದು ಒಂದು ಕಸೂತಿ ಕಾರ್ಖಾನೆ. ಕಾರ್ಖಾನೆ ಅಂದರೆ ಬೆಚ್ಚಿಬೀಳಬೇಕಿಲ್ಲ. ಕೆಳಗೆ ನಾಲ್ಕು ಯಂತ್ರ, ಮೇಲೆ ಎರಡು ಮೇಜು, ಅಷ್ಟೆ. ಶಾಲೆ, ಆಸ್ಪತ್ರೆ, ಹೋಟೆಲುಗಳ ಸಮವಸ್ತ್ರಕ್ಕೆ ಬೇಕಾದ ಲಾಂಛನಗಳನ್ನು ಅಕ್ಕ ಮೇಲಿನ ಕಂಪ್ಯೂಟರಿನಲ್ಲಿ ಬಿಡಿಸುತ್ತಾಳೆ. ತಮ್ಮ ಪಕ್ಕದ ಮೇಜಿನಲ್ಲಿ ಕೂತು ಗಿರಾಕಿಗಳನ್ನು ನೋಡಿಕೊಳ್ಳುತ್ತಾನೆ. ಬಿಡಿಸಿದ್ದು ಕೆಳಗಿನ ಕಂಪ್ಯೂಟರಿಗೆ ಹೋಗಬೇಕು, ಅಲ್ಲಿಂದ ಯಂತ್ರಕ್ಕೆ. ಇಷ್ಟು ವರ್ಷ ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅಕ್ಕನೇ ಮೆಟ್ಟಿಲಿಳಿದು ಒಯ್ಯುತ್ತಿದ್ದಳು. ಅವಳ ಮೊಣಕಾಲು ನೋವು ನೋಡಲಾರದೆ ತಮ್ಮ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಒಂದು ಆಜ್ಞೆಗಳ ಪಟ್ಟಿ, ಬರೆದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅದು ತಾನಾಗಿಯೇ ಓಡಿ, ಮೇಲಿನ ಫೋಲ್ಡರನ್ನೂ ಕೆಳಗಿನದನ್ನೂ ಹೋಲಿಸಿ, ವ್ಯತ್ಯಾಸ ಕಂಡಲ್ಲೆಲ್ಲ ಮೇಲಿನ ಫೈಲನ್ನು ಕೆಳಗಿನದರ ಮೇಲೆ ಬರೆಯುತ್ತಿತ್ತು. ಮೇಲಿನದೇ ಸರಿ ಎಂಬುದು ಅವನ ಲೆಕ್ಕ. ಕೆಲಸಗಾರರನ್ನು ಕರೆದು ತೋರಿಸಿ ಶಹಬ್ಬಾಸ್‌ಗಿರಿಯನ್ನೂ ಗಿಟ್ಟಿಸಿಕೊಂಡ.

ಪರದೆಯ ಮೇಲೆ ಚೆಂದ ಕಂಡದ್ದು ಬಟ್ಟೆಯ ಮೇಲೆ ಹಾಗೇ ಕೂರುವುದಿಲ್ಲ. ದಪ್ಪ ಬಟ್ಟೆಯಲ್ಲಿ ಹೊಲಿಗೆ ಒತ್ತಾದರೆ ದಾರ ತುಂಡಾಗುತ್ತದೆ. ಆದ್ದರಿಂದ ಅಕ್ಕ ಯಂತ್ರದ ಪಕ್ಕ ನಿಂತು, ಒಂದು ಚೂರು ಹೊಲಿಸಿ ನೋಡಿ, ಕೆಳಗಿನ ಕಂಪ್ಯೂಟರಿನಲ್ಲೇ ತಿದ್ದುತ್ತಿದ್ದಳು. ತಿದ್ದಿದ್ದನ್ನು ಸಂಜೆ ಅದೇ ಪೆನ್‌ಡ್ರೈವ್‌ನಲ್ಲಿ ಮೇಲಕ್ಕೆ ತರುತ್ತಿದ್ದಳು. ಅವಳು ಇಳಿಯುವಾಗ ಏನೋ ಒಯ್ಯುತ್ತಾಳೆಂದು ತಮ್ಮನಿಗೆ ಗೊತ್ತಿತ್ತು. ಹತ್ತುವಾಗಲೂ ತರುತ್ತಾಳೆಂದು ಗೊತ್ತಿರಲಿಲ್ಲ. ಮಾರು ದೂರದಲ್ಲಿ ಕೂತವಳನ್ನು ಒಂದು ಮಾತು ಕೇಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಇನ್ನು ಪೆನ್‌ಡ್ರೈವ್ ಬೇಡ, ಎಲ್ಲ ತಾನಾಗೇ ಆಗುತ್ತದೆ ಎಂದು ಅವನು ಹೇಳಿದಾಗ, ಫೈಲು ಎರಡೂ ಕಡೆಗೆ ಹೋಗಿಬರುತ್ತದೆ ಎಂದು ಅವಳು ಅಂದುಕೊಂಡಳು.

ಆಗ ಕೈಯಲ್ಲಿದ್ದದ್ದು ಒಂದು ಶಾಲೆಯ ಕೋಟಿಗೆ ಕೊಕ್ಕರೆಯ ಲಾಂಛನ. ಕೊಕ್ಕಿನ ತುದಿಯಲ್ಲಿ ದಾರ ತುಂಡಾಗುತ್ತಿತ್ತು. ಅಕ್ಕ ಬೆಳಿಗ್ಗೆ ಇಳಿದು ಹೊಲಿಗೆ ಸಡಿಲಿಸಿ ಬಂದಳು. ಮಧ್ಯಾಹ್ನ ಫೈಲು ಮತ್ತೆ ತೆರೆದು ಯಂತ್ರ ಶುರು ಮಾಡಿದರೆ ಅದೇ ಕೊಕ್ಕು, ಅದೇ ತುಂಡು ದಾರ. ಮರುದಿನ ಮತ್ತೆ ತಿದ್ದಿದಳು, ಮತ್ತೆ ಅದೇ. ಯಂತ್ರ ನಡೆಸುವವನು, ಎಲ್ಲರೂ ಸೋಡಾಬುಡ್ಡಿ ಅನ್ನುವವನು, ಕನ್ನಡಕ ಮೇಲೇರಿಸಿ ನಕ್ಕ. ಅಕ್ಕೋರು ಕನಸಲ್ಲಿ ತಿದ್ದಿರಬೇಕು ಅಂದ. ಅಕ್ಕನಿಗೆ ಸ್ಕ್ರಿಪ್ಟಿನ ಮೇಲೆ ಅನುಮಾನ ಬಂದು ತಮ್ಮನನ್ನು ಕೇಳಿದಳು. ಅವನು ತಲೆಯನ್ನೂ ಎತ್ತಲಿಲ್ಲ.

"ಸ್ಕ್ರಿಪ್ಟ್ ಮರೆಯಲ್ಲ ಅಕ್ಕ. ಮನುಷ್ಯರು ಮರೀತಾರೆ. ಸೇವ್ ಮಾಡೋದು ಮರೆತಿರ್ತೀಯ."

ಈ ಮಾತು ಬೇರೆ ಯಾರಿಗೆ ಹೇಳಿದರೂ ಮಾತಾಗಿಯೇ ಉಳಿಯುತ್ತಿತ್ತು. ಇವರ ಅಮ್ಮ ಹೆಚ್ಚುಕಡಿಮೆ ಅಕ್ಕನ ಈಗಿನ ವಯಸ್ಸಿನಲ್ಲೇ ಮರೆಯಲು ಶುರುಮಾಡಿದ್ದಳು. ಮೊದಲು ಒಲೆಯ ಮೇಲಿಟ್ಟ ಹಾಲು, ಆಮೇಲೆ ಮನೆಯ ದಾರಿ, ಕೊನೆಗೆ ಮಗಳ ಮುಖ. ಅಮ್ಮನ ತಲೆ ಬಾಚಿ, ತುತ್ತಿಟ್ಟು, ಯಾರಮ್ಮಾ ನೀನು ಎಂದು ಕೇಳಿಸಿಕೊಂಡವಳು ಅಕ್ಕ. ಆಗ ತಮ್ಮ ಹಾಸ್ಟೆಲಿನಲ್ಲಿದ್ದ, ಆದರೂ ಅವನಿಗೆ ಎಲ್ಲ ಗೊತ್ತಿತ್ತು.

ಅಕ್ಕ ಹೆದರಿದಳು. ತಿದ್ದಿ ಸೇವ್ ಮಾಡಿ, ಸೇವ್ ಮಾಡಿದೆ ಎಂದು ಬಾಯಿಬಿಟ್ಟು ಹೇಳಿಕೊಳ್ಳತೊಡಗಿದಳು. ಆದರೂ ಮಧ್ಯಾಹ್ನಕ್ಕೆ ಕೊಕ್ಕು ಮೊದಲಿನಂತೆಯೇ ಇರುತ್ತಿತ್ತು. ಬೀಗ ಹಾಕಿದ ಬಾಗಿಲನ್ನು ವಾಪಸು ಬಂದು ಎಳೆದು ನೋಡುತ್ತಿದ್ದಳು. ಕೊನೆಗೆ ತಾನೇ ಡಾಕ್ಟರ ಬಳಿ ಹೋಗುತ್ತೇನೆ ಎಂದಳು. ತಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ, ಹೊರಗಿನ ಬೆಂಚಿನಲ್ಲಿ ಮೊಬೈಲು ನೋಡುತ್ತ ಕೂತ. ಡಾಕ್ಟರು ಏನನ್ನೂ ಖಚಿತವಾಗಿ ಹೇಳಲಿಲ್ಲ, ಇನ್ನೊಮ್ಮೆ ಬನ್ನಿ ಅಂದರು.

ಮರುದಿನ ಅಕ್ಕನಿಗೆ ಅನ್ನ ಸೇರಲಿಲ್ಲ. ಎಲ್ಲರೂ ಊಟಕ್ಕೆ ಎದ್ದರೂ ಅವಳು ಕೆಳಗಿನ ಕಂಪ್ಯೂಟರಿನ ಮುಂದೆಯೇ ಕೂತಳು, ಆಗಷ್ಟೇ ತಿದ್ದಿದ ಫೈಲಿನ ಮೇಲೆ ಕಣ್ಣು ನೆಟ್ಟು. ಹೆಸರಿನ ಪಕ್ಕ ಆ ದಿನದ ತಾರೀಕು ಇತ್ತು. ನೋಡುತ್ತಿದ್ದಂತೆಯೇ, ಯಾರೂ ಮುಟ್ಟದೆ, ಆ ತಾರೀಕು ಹೋಗಿ ಹಳೆಯ ತಾರೀಕು ಬಂತು. ತೆರೆದು ನೋಡಿದಳು. ಒತ್ತು ಹೊಲಿಗೆಯ ಹಳೆಯ ಕೊಕ್ಕು.

ಮೊದಲು ಬಂದದ್ದು ನಿರಾಳ. ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಅದು ಹೋಗಿ ಮೈಯೆಲ್ಲ ಉರಿಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತಲ್ಲ ಎಂದುಕೊಂಡು, ತಮ್ಮನ ಊಟದ ಡಬ್ಬಿಯ ಮುಂದೆ ನಿಂತು ಕಂಡದ್ದನ್ನು ಹೇಳಿದಳು. ಅವನು ಗಾಬರಿಯಾಗಲಿಲ್ಲ. ತುತ್ತು ನುಂಗಿ, ಸಮಾಧಾನದಿಂದ, ಅದನ್ನು ಭಾನುವಾರ ಸರಿಮಾಡೋಣ ಅಂತಲೇ ಇದ್ದೆ ಅಂದ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ಅಕ್ಕ ಕುರ್ಚಿ ಎಳೆದು ಎದುರಿಗೆ ಕೂತಳು.

"ಯಾವಾಗಿಂದ ಗೊತ್ತು ನಿಂಗೆ?"

ಅವನು ಎರಡು ದಿಕ್ಕಿಗೆ ಓಡುವ ಸ್ಕ್ರಿಪ್ಟಿನ ಕಷ್ಟ ವಿವರಿಸಲು ಹೊರಟ. ಎರಡೂ ಕಡೆ ಬದಲಾದರೆ ಯಾವುದು ಹೊಸದೆಂದು ಪರೀಕ್ಷಿಸಬೇಕು, ಆ ಒಂದು ಸಾಲು ಬಿಟ್ಟುಹೋಗಿತ್ತು, ಎಲ್ಲರೆದುರು ಅಷ್ಟು ಹೇಳಿಕೊಂಡ ಮೇಲೆ ತಪ್ಪಾಯಿತು ಅನ್ನಲು ಮುಜುಗರ, ಸದ್ದಿಲ್ಲದೆ ಸರಿಮಾಡಿಬಿಡೋಣ ಅಂತ... ಅಕ್ಕ ಕೈಯೆತ್ತಿ ನಿಲ್ಲಿಸಿದಳು.

"ಮರೆವು ಪರೀಕ್ಷೆ ಮಾಡೋಕೆ ಡಾಕ್ಟರು ಗಡಿಯಾರದ ಚಿತ್ರ ಬಿಡಿಸಿ ಅಂದ್ರು ಕಣೋ. ಇಷ್ಟು ವರ್ಷ ಗೆರೆ ಎಳೆದು ಬದುಕಿದವಳು ನಾನು. ಹೆದರಿಕೆಗೆ ಗಡಿಯಾರ ಸೊಟ್ಟ ಬಂತು. ಅದನ್ನ ನೋಡಿ ಅವರು ಇನ್ನೊಂದ್ಸಲ ಬನ್ನಿ ಅಂದ್ರು. ಆಗ ನೀನು ಹೊರಗೆ ಬೆಂಚಲ್ಲಿ ಕೂತಿದ್ದೆ. ಆಗ ಗೊತ್ತಿತ್ತಾ?"

ತಮ್ಮ ಡಬ್ಬಿಯ ಮುಚ್ಚಳ ಹಾಕಿದ. ಅದು ಸರಿಯಾಗಿ ಕೂರಲಿಲ್ಲ, ತೆಗೆದು ಮತ್ತೆ ಹಾಕಿದ.

"ಗೊತ್ತಿತ್ತು," ಅಂದ.

ಅಕ್ಕ ಕೂಗಾಡಲಿಲ್ಲ. ಕೆಳಗೆ ಹೋಗಿ ಎಲ್ಲರೆದುರು ಹೇಳು ಅಂದಳು. ಸ್ಕ್ರಿಪ್ಟು ತಪ್ಪು ಮಾಡಿತು ಅನ್ನಬೇಡ, ಅದು ಹೇಳಿದಷ್ಟು ಮಾಡಿದೆ; ನಿನಗೆ ಗೊತ್ತಿದ್ದೂ ಸುಮ್ಮನಿದ್ದೆ ಅನ್ನು. ಅವನು ಎದ್ದು ಹೋದ. ಊಟ ಮುಗಿದು ಆಗಷ್ಟೇ ಶುರುವಾಗಿದ್ದ ಯಂತ್ರಗಳು ನಿಂತವು. ಮೆಟ್ಟಿಲಿನ ಮೇಲ್ತುದಿಯಲ್ಲಿ ನಿಂತ ಅಕ್ಕನಿಗೆ ಅವನ ದನಿ ಕೇಳಿಸಿತು, ಹೇಳಬೇಕಾದದ್ದನ್ನೆಲ್ಲ ಹೇಳಿದ, ಏನನ್ನೂ ನುಂಗಲಿಲ್ಲ. ಸೋಡಾಬುಡ್ಡಿ ತಲೆಯೆತ್ತಿ ಅವಳತ್ತ ನೋಡಿ, ನೋಡಲಾಗದೆ ತಗ್ಗಿಸಿದ. ಇಷ್ಟಾದ ಮೇಲೆ ಸಿಟ್ಟು ಇಳಿಯುತ್ತದೆಂದು ಅವಳು ಎಣಿಸಿದ್ದಳು, ಆದರೆ ಇಳಿಯಲಿಲ್ಲ. ಒಳಗೆ ಬಂದು, ಬಾಗಿಲು ಹಾಕಿ, ಒಂದು ಹಾಳೆ ತೆಗೆದುಕೊಂಡು ಗಡಿಯಾರ ಬಿಡಿಸಿದಳು. ಅದು ಗುಂಡಗೆ, ತಿದ್ದುವಂಥದ್ದೇನೂ ಇಲ್ಲದ ಹಾಗೆ ಬಂತು. ಆದರೂ ಅವಳು ಇನ್ನೊಂದು ಹಾಳೆ ಎಳೆದುಕೊಂಡು ಇನ್ನೊಂದು ಬಿಡಿಸಿದಳು, ಸಾಲದೆಂಬಂತೆ ಮತ್ತೊಂದು ಬಿಡಿಸಿದಳು.